ಕೈಗೆ ಕೊಡೋ ಮರ್ಯಾದೆ ಕಾಲಿಗೂ ಕೊಡಿ ಸ್ವಾಮಿ

ಶನಿವಾರ ಬೆಳಗ್ಗೆ ಆರೂವರೆಗೆ ಯಾವುದಾದರೂ ಡ್ರೈವಿಂಗ್ ರೇಂಜಿಗೆ ಹೋಗಿ ನೋಡಿ. ಸಾಲಾಗಿ ಹಾಸಿದ ಹಸಿರು ಮ್ಯಾಟು, ಪ್ರತಿ ಮ್ಯಾಟಿನ ಪಕ್ಕ ಒಂದು ಬಕೆಟ್ ಚೆಂಡು, ಪ್ರತಿ ಬಕೆಟಿನ ಪಕ್ಕ ನನ್ನಂಥ ಒಬ್ಬ. ವಾರವಿಡೀ ಕಂಪ್ಯೂಟರ್ ಮುಂದೆ ಬೆನ್ನು ಬಗ್ಗಿಸಿ ಕೂತು, ವಾರದ ಕೊನೆಗೆ ಚೆಂಡಿನ ಮುಂದೆ ಬೆನ್ನು ಬಗ್ಗಿಸಿ ನಿಂತವರು. ಒಂದು ಹೊಡೆತ ಬಾಳೆಹಣ್ಣಿನ ಥರ ಬಲಕ್ಕೆ ಬಾಗಿಕೊಂಡು ಹೋಗಿ ನೆಟ್ಟಿಗೆ ಬೀಳುತ್ತೆ. ತಕ್ಷಣ ಆ ಮನುಷ್ಯ ಏನು ಮಾಡ್ತಾನೆ ಗೊತ್ತಾ? ತನ್ನ ಕೈ ನೋಡ್ಕೋತಾನೆ! ಗ್ರಿಪ್ ಬದಲಾಯಿಸ್ತಾನೆ, ಮಣಿಕಟ್ಟು ತಿರುಗಿಸಿ ನೋಡ್ತಾನೆ, ಗಾಳಿಯಲ್ಲಿ ಎರಡು ಸಲ ಬೀಸ್ತಾನೆ. ಅದೂ ಆಗಲಿಲ್ಲ ಅಂದ್ರೆ ಕ್ಲಬ್ಬನ್ನೇ ಅನುಮಾನದಿಂದ ನೋಡ್ತಾನೆ.

ಆ ಸಾಲಿನಲ್ಲಿ ಒಬ್ಬನೂ ತನ್ನ ಕಾಲು ನೋಡಿಕೊಳ್ಳೋದಿಲ್ಲ.

ಇವತ್ತಿನ ನನ್ನ ತಕರಾರು ಇಷ್ಟೇ. ನಮ್ಮಂಥ ಹವ್ಯಾಸಿಗಳು ಗಾಲ್ಫಿನಲ್ಲಿ ಕಳೆದುಕೊಳ್ಳೋ ಹೊಡೆತಗಳಲ್ಲಿ ಬಹುಪಾಲು ಕಳೆದುಹೋಗೋದು ಕೈಯಲ್ಲಲ್ಲ, ಕಾಲಿನಲ್ಲಿ. ಇನ್ನೂ ಸರಿಯಾಗಿ ಹೇಳಬೇಕು ಅಂದ್ರೆ, ಕ್ಲಬ್ ಅಲುಗಾಡೋ ಮುಂಚೆಯೇ, ನಿಲ್ಲೋ ರೀತಿಯಲ್ಲೇ ಅರ್ಧ ಕಳೆದಿರುತ್ತೆ. ಆದರೂ ನಾವು ದುಡ್ಡು, ಸಮಯ, ಚಿಂತೆ ಎಲ್ಲವನ್ನೂ ಕೈಗೇ ಸುರೀತೀವಿ.

ಇದನ್ನ ಹೇಳೋಕೆ ನೀನ್ಯಾವ ದೊಡ್ಡ ಆಟಗಾರ ಅಂತ ಕೇಳಬಹುದು. ಅಲ್ಲವೇ ಅಲ್ಲ :) ಮೂರು ವರ್ಷ ಆಡಿ ಒಂದು ಸಲವೂ ನೂರರ ಕೆಳಗೆ ಇಳಿಯದೇ ಇದ್ದವನು ನಾನು. ಸ್ಲೈಸ್ ಹೋಗಲಿ ಅಂತ ಗ್ರಿಪ್ ಬದಲಾಯಿಸಿದೆ. ಗ್ರಿಪ್ ಬದಲಾಯಿಸಿದ್ದಕ್ಕೆ ಚೆಂಡು ಎಡಕ್ಕೆ ಸುತ್ತತೊಡಗಿತು, ಅದಕ್ಕೆ ಅಂತ ಮಣಿಕಟ್ಟು ಬಿಗಿಹಿಡಿದೆ. ಮಣಿಕಟ್ಟು ಬಿಗಿಯಾಗಿದ್ದಕ್ಕೆ ದೂರ ಕಮ್ಮಿಯಾಯ್ತು, ಅದಕ್ಕೆ ಅಂತ ನಲವತ್ತೈದು ಸಾವಿರ ಕೊಟ್ಟು ಹೊಸ ಡ್ರೈವರ್ ತಗೊಂಡೆ. ಆಫೀಸಿನಲ್ಲಿ ಯಾರಾದರೂ ಜೂನಿಯರ್ ಹುಡುಗ ಹೀಗೆ ಪ್ಯಾಚ್ ಮೇಲೆ ಪ್ಯಾಚ್ ಹಾಕಿದ್ರೆ ಕೂರಿಸಿಕೊಂಡು ಬುದ್ಧಿ ಹೇಳ್ತೀನಿ, "ಎರರ್ ಕಾಣಿಸಿದ ಲೈನಿನಲ್ಲೇ ತಪ್ಪು ಇರಬೇಕು ಅಂತಿಲ್ಲ ಕಣಪ್ಪ, ಮೇಲಿಂದ ಹುಡುಕ್ಕೊಂಡು ಬಾ" ಅಂತ. ರೇಂಜಿಗೆ ಬಂದ ತಕ್ಷಣ ಆ ಬುದ್ಧಿಯೆಲ್ಲ ಕಾರಿನ ಡಿಕ್ಕಿಯಲ್ಲೇ ಉಳಿದುಬಿಡುತ್ತಿತ್ತು.

ಕೊನೆಗೆ ಕಳೆದ ವರ್ಷ ಒಂದು ಭಾನುವಾರ, ಆಡಿ ಬಂದು, ಸ್ನಾನ ಮಾಡಿ, ಕಾಲುಚೀಲ ಎತ್ತಿಕೊಳ್ಳೋಕೆ ಬಗ್ಗಿದವನು ಏಳೋಕೆ ಆಗಲಿಲ್ಲ. ಇಪ್ಪತ್ತೆಂಟು ವರ್ಷಕ್ಕೆ ಸೊಂಟ ಹಿಡಿದುಕೊಂಡು ಗೋಡೆ ಹಿಡಿದು ಬಚ್ಚಲಿಗೆ ಹೋಗೋ ಪರಿಸ್ಥಿತಿ. ಅಮ್ಮ ಫೋನಿನಲ್ಲಿ "ಆ ಸಾಹುಕಾರರ ಆಟ ನಮಗೆ ಯಾಕೋ" ಅಂದ್ರು. ಆರು ವಾರ ಕ್ಲಬ್ ಮುಟ್ಟಬೇಡಿ ಅಂದ ಫಿಸಿಯೋಥೆರಪಿಸ್ಟ್ ಮೊದಲ ದಿನ ಮಾಡಿಸಿದ್ದು ಒಂದೇ ಪರೀಕ್ಷೆ. ಬರಿಗಾಲಿನಲ್ಲಿ ಒಂಟಿ ಕಾಲ ಮೇಲೆ ನಿಲ್ಲಿ ಅಂದ್ರು. ಹತ್ತು ಸೆಕೆಂಡ್ ನಿಲ್ಲೋಕಾಗಲಿಲ್ಲ ನನಗೆ. ಆಗ ಮೊದಲ ಸಲ ಅನುಮಾನ ಬಂತು... ನಿಂತುಕೊಳ್ಳೋಕೇ ಬರದವನು ಅಷ್ಟು ಜೋರಾಗಿ ಬೀಸೋಕೆ ಹೊರಟಿದ್ನಲ್ಲ ಅಂತ.

ಆ ಅನುಮಾನವನ್ನ ಖಾತ್ರಿ ಮಾಡಿದ್ದು ಒಬ್ಬ ಕ್ಯಾಡಿ. ವಾಸಿಯಾಗಿ ಮತ್ತೆ ಕೋರ್ಸಿಗೆ ಹೋದಾಗ ನನ್ನ ಬ್ಯಾಗ್ ಹೊತ್ತವರು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಇದೇ ಕೆಲಸ ಮಾಡ್ತಿರೋರು. ನಾಲ್ಕು ಹೋಲ್ ಏನೂ ಮಾತಾಡಲಿಲ್ಲ. ಐದನೆಯದರಲ್ಲಿ ನಾನು ಚೆಂಡಿನ ಹಿಂದಿನ ಮಣ್ಣು ಬಗೆದು ತಲೆ ಚಚ್ಚಿಕೊಂಡಾಗ ಮೆಲ್ಲಗೆ ಅಂದ್ರು:

"ಸಾರ್, ಕೈ ಏನೋ ಚೆನ್ನಾಗೇ ಐತೆ. ಕಾಲು ಯಾಕೋ ಮನೇಲೇ ಬಿಟ್ಟು ಬಂದಂಗೈತೆ."

"ಅಂದ್ರೆ ಅಣ್ಣ?"

"ಚಿಕ್ಕೋರಿದ್ದಾಗ ಮಾವಿನಕಾಯಿಗೆ ಕಲ್ಲು ಹೊಡ್ದಿದೀರಾ?"

"ಹೊಡ್ದಿದೀನಿ."

"ಕಲ್ಲು ಹೊಡ್ದಾದ್ಮೇಲೆ ಯಾವ ಕಾಲ ಮೇಲೆ ನಿಂತಿರ್ತಿದ್ರಿ?"

ಎಡಗಾಲು! ಬಲಗೈಯಲ್ಲಿ ಕಲ್ಲು ಎಸೆಯುವ ಯಾವ ಹುಡುಗನೂ ಎಸೆದಾದ ಮೇಲೆ ಬಲಗಾಲ ಮೇಲೆ ನಿಂತಿರೋದಿಲ್ಲ. ಯಾರೂ ಹೇಳಿಕೊಡದೆ ಬರೋದು ಇದು. ಹಿಂದಿನ ಕಾಲಿನ ಮೇಲೆ ಭಾರ ಬಿಟ್ಟು, ಮುಂದಿನ ಕಾಲು ಊರಿ, ಅದರ ಮೇಲೆ ಮೈ ತಿರುಗಿಸಿ, ಕೊನೆಗೆ ಕೈ. ಆ ಹದಿನೈದು ವರ್ಷದ ಹಳೇ ವಿದ್ಯೆಯನ್ನ ಗಾಲ್ಫ್ ಕಲಿಯೋ ಭರದಲ್ಲಿ ನಾನೇ ಕೂತು ಅಳಿಸಿ ಹಾಕಿದ್ದೆ.

ಈಗ ವಿಷಯಕ್ಕೆ ಬರೋಣ. (ಇಲ್ಲಿ ಹೇಳಿರೋದೆಲ್ಲ ಬಲಗೈ ಆಟಗಾರರಿಗೆ. ಎಡಗೈಯವರು ಎಡ ಬಲ ಅದಲು ಬದಲು ಮಾಡಿ ಓದಿಕೊಳ್ಳಿ.)

ಮೊದಲು ನಿಲ್ಲೋ ರೀತಿ. ಐರನ್ನಿಗೆ ಎರಡು ಪಾದದ ನಡುವೆ ಹೆಚ್ಚುಕಮ್ಮಿ ಭುಜದಷ್ಟು ಅಗಲ, ಡ್ರೈವರಿಗೆ ಇನ್ನೊಂದು ಚೂರು ಜಾಸ್ತಿ. ನಾವು ಮಾಡೋ ತಪ್ಪು ಏನಂದ್ರೆ "ಗಟ್ಟಿಯಾಗಿ ನಿಲ್ಲಬೇಕು" ಅಂದುಕೊಂಡು ಕುಸ್ತಿಗೆ ನಿಂತ ಹಾಗೆ ಕಾಲು ಅಗಲಿಸಿಬಿಡೋದು. ಜಾಸ್ತಿ ಅಗಲಿಸಿದಷ್ಟೂ ಸೊಂಟ ತಿರುಗೋದಿಲ್ಲ, ಭಾರ ದಾಟೋದಿಲ್ಲ. ತೀರಾ ಹತ್ತಿರ ಇಟ್ಟರೆ ಜೋರಾಗಿ ಬೀಸಿದಾಗ ತೂರಾಡ್ತೀವಿ. ಚೆಂಡು ಎಲ್ಲಿರಬೇಕು? ವೆಜ್‌ಗೆ ನಡು ಮಧ್ಯ, ಏಳನೇ ಐರನ್ನಿಗೆ ಮಧ್ಯಕ್ಕಿಂತ ಚೂರು ಮುಂದೆ, ಡ್ರೈವರಿಗೆ ಎಡ ಹಿಮ್ಮಡಿಯ ಒಳಬದಿಯ ನೇರಕ್ಕೆ.

ಆಮೇಲೆ ಬಗ್ಗೋದು. ಇಲ್ಲೇ ನೋಡಿ ನಮ್ಮ ಸಾಫ್ಟ್‌ವೇರ್ ಜನ ಸಿಕ್ಕಿಬೀಳೋದು. ನಾವು ಬೆನ್ನಿನಿಂದ ಬಗ್ಗುತ್ತೇವೆ, ಕೀಬೋರ್ಡಿನ ಮುಂದೆ ಕೂತ ಹಾಗೆ, ಭುಜ ಮುಂದೆ ಕುಸಿದು ಗೂನು ಬಿದ್ದು. ಬಗ್ಗಬೇಕಾದ್ದು ಸೊಂಟದ ಕೀಲಿನಿಂದ. ಎರಡೂ ಕೈಯಲ್ಲಿ ಸಾಮಾನಿನ ಚೀಲ ಇದ್ದಾಗ ಕಾರಿನ ಬಾಗಿಲನ್ನ ಹಿಂಬದಿಯಿಂದ ತಳ್ಳಿ ಹಾಕ್ತೀವಲ್ಲ, ಆ ಥರ. ಹಿಂಭಾಗ ಹಿಂದಕ್ಕೆ ಹೋಗುತ್ತೆ, ಎದೆ ಮುಂದಕ್ಕೆ ಬರುತ್ತೆ, ಬೆನ್ನು ನೆಟ್ಟಗೇ ಉಳಿಯುತ್ತೆ. ಮಂಡಿ ಚೂರೇ ಚೂರು ಸಡಿಲ. ಕೈಗಳು ಭುಜದಿಂದ ಕೆಳಕ್ಕೆ ಸುಮ್ಮನೆ ಜೋತುಬೀಳಬೇಕು. ಭಾರ ಬೆರಳ ತುದಿಯಲ್ಲೂ ಅಲ್ಲ, ಹಿಮ್ಮಡಿಯಲ್ಲೂ ಅಲ್ಲ, ಷೂ ಲೇಸ್ ಕಟ್ಟೋ ಜಾಗದ ಕೆಳಗೆ. ಹೀಗೆ ನಿಂತಾಗ ಯಾರಾದರೂ ಮೆಲ್ಲಗೆ ಎದೆಗೋ ಬೆನ್ನಿಗೋ ತಳ್ಳಿದ್ರೆ ನೀವು ಹೆಜ್ಜೆ ಎತ್ತಿ ಇಡಬಾರದು. ಇಟ್ಟರೆ ಭಾರ ತಪ್ಪು ಜಾಗದಲ್ಲಿದೆ ಅಂತ ಅರ್ಥ.

ಇಷ್ಟಕ್ಕೆ ಯಾವ ಪ್ರತಿಭೆಯೂ ಬೇಡ, ಶಕ್ತಿಯೂ ಬೇಡ. ಚೆಂಡು ನಿಂತಿದೆ, ನೀವೂ ನಿಂತಿದ್ದೀರಿ. ಕ್ರಿಕೆಟ್ಟಿನ ಹಾಗೆ ಯಾರೂ ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ನಿಮ್ಮ ಮೇಲೆ ಎಸೀತಿಲ್ಲ. ಇಡೀ ಆಟದಲ್ಲಿ ವಿಶ್ವ ಚಾಂಪಿಯನ್ನನ ಮಟ್ಟಕ್ಕೆ ನೀವು ನಾನು ಮುಟ್ಟಬಹುದಾದ ಒಂದೇ ಭಾಗ ಇದು. ಅದನ್ನೇ ಮೂರು ಸೆಕೆಂಡಿನಲ್ಲಿ ಮುಗಿಸಿ ಬೀಸೋಕೆ ಹೊರಡ್ತೀವಲ್ಲ!

ಈಗ ತೂಕ ದಾಟಿಸೋದು. "ವೆಯ್ಟ್ ಟ್ರಾನ್ಸ್‌ಫರ್" ಅನ್ನೋ ಪದವೇ ನಮ್ಮನ್ನ ಅರ್ಧ ಹಾಳು ಮಾಡಿದ್ದು ಅಂತ ನನ್ನ ಗುಮಾನಿ. ಅದನ್ನ ಕೇಳಿದ ಹೊಸಬ ಏನು ಮಾಡ್ತಾನೆ? ಬ್ಯಾಕ್‌ಸ್ವಿಂಗಿನಲ್ಲಿ ಇಡೀ ದೇಹವನ್ನ ಬಲಕ್ಕೆ ಜಾರಿಸ್ತಾನೆ, ಆಮೇಲೆ ಎಡಕ್ಕೆ ಜಾರಿಸ್ತಾನೆ, ಗಡಿಯಾರದ ಲೋಲಕದ ಹಾಗೆ. ಅದು ತೂಕ ದಾಟಿಸೋದಲ್ಲ, ತೂರಾಟ. ಇನ್ನು ಕೆಲವರು (ನನ್ನ ಜಾತಿಯವರು) ಉಲ್ಟಾ ಮಾಡ್ತಾರೆ. ಬ್ಯಾಕ್‌ಸ್ವಿಂಗಿನಲ್ಲಿ ಮೈ ಎಡಕ್ಕೆ ವಾಲಿ ಭಾರವೆಲ್ಲ ಎಡಗಾಲಿಗೆ, ಚೆಂಡಿಗೆ ಹೊಡೆಯೋ ಹೊತ್ತಿಗೆ ಹಿಂದಕ್ಕೆ ಬಿದ್ದು ಭಾರವೆಲ್ಲ ಬಲಗಾಲಿಗೆ. ಇದಕ್ಕೆ ರಿವರ್ಸ್ ಪಿವಟ್ ಅಂತ ಹೆಸರು. ಬೆನ್ನುಮೂಳೆಯನ್ನ ತಪ್ಪು ದಿಕ್ಕಿಗೆ ಬಾಗಿಸಿಟ್ಟುಕೊಂಡು ಅದರ ಮೇಲೆ ಪೂರ್ತಿ ವೇಗದಲ್ಲಿ ತಿರುಗೋದರಿಂದ ಕೆಳಬೆನ್ನಿಗೆ ಭಾರೀ ಒತ್ತಡ. ನನ್ನ ಕಾಲುಚೀಲದ ಪ್ರಸಂಗಕ್ಕೆ ಕಾರಣ ಇದೇ ಅಂತ ಫಿಸಿಯೋ ನನ್ನ ವೀಡಿಯೋ ನೋಡಿಯೇ ಹೇಳಿದ್ರು.

ನಿಜವಾಗಿ ಆಗಬೇಕಾದ್ದು ಏನು? ದೇಹ ಹೆಚ್ಚುಕಮ್ಮಿ ಇದ್ದ ಜಾಗದಲ್ಲೇ ತಿರುಗುತ್ತೆ, ಪಾದದ ಕೆಳಗಿನ ಒತ್ತಡ ಮಾತ್ರ ಜಾಗ ಬದಲಾಯಿಸುತ್ತೆ. ಪಾದದ ಕೆಳಗೆ ಒತ್ತಡ ಅಳೆಯೋ ಹಲಗೆಗಳು ಬಂದ ಮೇಲೆ ಇದು ಚೆನ್ನಾಗಿ ಕಾಣಿಸತೊಡಗಿತು. ಒಳ್ಳೇ ಆಟಗಾರರಲ್ಲಿ ಸಾಮಾನ್ಯವಾಗಿ ಬ್ಯಾಕ್‌ಸ್ವಿಂಗ್ ಶುರುವಾದ ಕೂಡಲೇ ಒತ್ತಡ ಬಲಪಾದದ ಒಳಬದಿಗೆ ಹೋಗುತ್ತೆ. ಕ್ಲಬ್ ಇನ್ನೂ ಮೇಲಕ್ಕೆ ಹೋಗ್ತಿರುವಾಗಲೇ ಅದು ಎಡಕ್ಕೆ ವಾಪಸ್ ಹೊರಟಿರುತ್ತೆ. ಚೆಂಡಿಗೆ ತಾಕೋ ಹೊತ್ತಿಗೆ ಮುಕ್ಕಾಲು ಪಾಲೋ ಇನ್ನೂ ಜಾಸ್ತಿಯೋ ಎಡಪಾದದ ಮೇಲೆ. ನಾವು ಕ್ಲಬ್ಬು ಕೆಳಗೆ ಬರ್ತಾ ಇರುವಾಗ "ಈಗ ದಾಟಿಸಬೇಕು" ಅಂತ ನೆನಪು ಮಾಡಿಕೊಳ್ತೀವಿ. ಅಷ್ಟು ಹೊತ್ತಿಗೆ ಬಸ್ಸು ಹೋಗಿಬಿಟ್ಟಿರುತ್ತೆ.

ಯಾಕೆ ಅಂದ್ರೆ ಡೌನ್‌ಸ್ವಿಂಗ್ ಅನ್ನೋದು ಸುಮಾರು ಕಾಲು ಸೆಕೆಂಡಿನ ಕೆಲಸ. ಕ್ಲಬ್ಬು ಚೆಂಡು ಮುಟ್ಟಿಕೊಂಡಿರೋದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗ, ಅಂದ್ರೆ 0.0005 ಸೆಕೆಂಡ್. ಕಣ್ಣಿಗೆ ಕಂಡದ್ದನ್ನ ನೋಡಿ ಕೈ ಅಲ್ಲಾಡಿಸೋಕೆ ಮನುಷ್ಯನಿಗೆ ಬೇಕಾಗೋದು ಸುಮಾರು 0.2 ಸೆಕೆಂಡ್. ಹಾಗಿದ್ದ ಮೇಲೆ ದಾರಿಯಲ್ಲಿ ಕೈಯಿಂದ ತಿದ್ದೋಕೆ ಸಮಯ ಎಲ್ಲಿದೆ ಹೇಳಿ? ಚೆಂಡಿಗೆ ಹೊಡೆಯೋ ಗಳಿಗೆಯಲ್ಲಿ ಕೈ ಏನು ಮಾಡುತ್ತೋ ಅದು ಅದಕ್ಕೂ ಮುಂಚೆ ಕಾಲು ಸೊಂಟ ಮಾಡಿದ್ದರ ಫಲ.

ನಮ್ಮೆಲ್ಲರ ಎರಡು ದೊಡ್ಡ ಗೋಳುಗಳು ಇಲ್ಲೇ ಹುಟ್ಟೋದು. ಐರನ್ ಹೊಡೆತದಲ್ಲಿ ಕ್ಲಬ್ಬಿನ ಕಮಾನಿನ ತೀರಾ ಕೆಳಗಿನ ಬಿಂದು ಚೆಂಡಿಗಿಂತ ಎರಡು ಮೂರು ಇಂಚು ಮುಂದಿರಬೇಕು. ಮೊದಲು ಚೆಂಡು, ಆಮೇಲೆ ಮಣ್ಣು. ಒಳ್ಳೇ ಆಟಗಾರನ ಡಿವಟ್ ಚೆಂಡಿದ್ದ ಜಾಗದ ಮುಂದೆ ಬೀಳೋದು ಅದಕ್ಕೇ. ಭಾರ ಬಲಗಾಲಿನಲ್ಲೇ ಉಳಿದರೆ ಆ ಬಿಂದುವೂ ಹಿಂದೆ ಉಳಿಯುತ್ತೆ. ಆಗ ಒಂದೋ ಚೆಂಡಿಗೆ ಮುಂಚೆ ಮಣ್ಣು ಬಗೀತೀವಿ, ಇಲ್ಲಾ ಮೇಲೇಳುತ್ತಿರೋ ಕ್ಲಬ್ಬು ಚೆಂಡಿನ ನೆತ್ತಿ ಸವರಿ ಹೋಗುತ್ತೆ. ಒಂದು ಸಲ ಫ್ಯಾಟ್, ಮುಂದಿನ ಸಲ ಟಾಪ್. ನೋಡೋಕೆ ಎರಡು ಬೇರೆ ಬೇರೆ ಕಾಯಿಲೆ, ಮೂಲ ಒಂದೇ!

ಆಗ ಪಕ್ಕದಲ್ಲಿರೋ ಪುಣ್ಯಾತ್ಮ ಕೊಡೋ ಸಲಹೆ ಏನು? "ತಲೆ ಎತ್ತಿಬಿಟ್ಟೆ ಗುರು, ತಲೆ ಬಗ್ಗಿಸು." ಗಾಲ್ಫಿನಲ್ಲಿ ಇದಕ್ಕಿಂತ ಹೆಚ್ಚು ಹಾನಿ ಮಾಡಿದ ಸಲಹೆ ಇನ್ನೊಂದಿಲ್ಲ ಅಂತ ನಾನು ಪಂದ್ಯ ಕಟ್ಟಿ ಹೇಳಬಲ್ಲೆ. ತಲೆ ಅಲುಗದಿರೋದು ಬೇರೆ, ಗಲ್ಲ ಎದೆಗೆ ಒತ್ತಿಕೊಂಡು ನೆಲ ನೋಡ್ತಾ ಇರೋದು ಬೇರೆ. ಜಾಕ್ ನಿಕ್ಲಾಸ್ ಹುಡುಗನಾಗಿದ್ದಾಗ ಕೋಚ್ ಜಾಕ್ ಗ್ರೌಟ್ ಅವರ ಕಡೆಯವರು ತಲೆ ಅಲ್ಲಾಡದ ಹಾಗೆ ಅವರ ಕೂದಲು ಹಿಡಿದುಕೊಂಡೇ ಬೀಸಿಸುತ್ತಿದ್ದರಂತೆ. ಸರಿ, ಒಪ್ಪೋಣ. ಆದರೆ ಅನಿಕಾ ಸೋರೆನ್‌ಸ್ಟಾಮ್, ಡೇವಿಡ್ ಡುವಾಲ್ ಇಬ್ಬರೂ ಚೆಂಡಿಗೆ ಕ್ಲಬ್ಬು ತಾಕೋ ಹೊತ್ತಿಗೇ ಮುಖ ಗುರಿಯ ಕಡೆ ತಿರುಗಿಸಿಬಿಡುತ್ತಿದ್ದವರು. ಇಬ್ಬರೂ ವಿಶ್ವದ ನಂಬರ್ ಒನ್ ಆದವರು. ನೆಲಕ್ಕೆ ತಲೆ ಅಂಟಿಸಿಕೊಂಡರೆ ಭುಜ ತಿರುಗೋದಿಲ್ಲ, ಭುಜ ತಿರುಗದೇ ಭಾರ ಎಡಕ್ಕೆ ಪೂರ್ತಿ ಬರೋದಿಲ್ಲ. ಕಾಯಿಲೆಯನ್ನೇ ಔಷಧಿ ಅಂತ ಕುಡಿಸೋದು ಇದು.

ನನ್ನ ಜೊತೆ ಆಡೋ ಗೆಳೆಯನೊಬ್ಬ ಇದಕ್ಕೆ ಎರಡು ವಾದ ಹೂಡ್ತಾನೆ. ಒಂದು, ಜಿಮ್ ಫ್ಯೂರಿಕ್. "ಆತನ ಸ್ವಿಂಗ್ ನೋಡಿದ್ಯಾ? ಕ್ಲಬ್ಬು ಎಲ್ಲೆಲ್ಲೋ ಸುತ್ತಿ ಬರುತ್ತೆ. ಆದರೂ 2003ರಲ್ಲಿ ಯುಎಸ್ ಓಪನ್ ಗೆದ್ದ, 2016ರಲ್ಲಿ ಒಂದೇ ಸುತ್ತಿನಲ್ಲಿ 58 ಹೊಡೆದ. ಸರಿಯಾದ ರೀತಿ ಅಂತ ಏನೂ ಇಲ್ಲ." ಎರಡು, 2007ರ ಸುಮಾರಿಗೆ ಹೆಸರಾದ ಸ್ಟ್ಯಾಕ್ ಅಂಡ್ ಟಿಲ್ಟ್ ಪದ್ಧತಿ. ಭಾರವನ್ನ ಬಲಕ್ಕೆ ಕಳಿಸಲೇಬೇಡಿ, ಬ್ಯಾಕ್‌ಸ್ವಿಂಗಿನಲ್ಲೂ ಎಡಗಾಲಿನ ಮೇಲೇ ಇಟ್ಟುಕೊಳ್ಳಿ ಅನ್ನುತ್ತೆ ಅದು. "ತಜ್ಞರೇ ಒಪ್ಪದ ಮೇಲೆ ನಿನ್ನದೇನು ಮಧ್ಯೆ?" ಅಂತಾನೆ.

ವಾದ ಚೆನ್ನಾಗಿದೆ. ಆದರೆ ಎರಡೂ ನನ್ನ ಕಡೆಗೇ ಸಾಕ್ಷಿ ಹೇಳ್ತವೆ. ಫ್ಯೂರಿಕ್‌ನ ಕೈ ಆಕಾಶದಲ್ಲಿ ರಂಗೋಲಿ ಬಿಡಿಸಬಹುದು, ಚೆಂಡಿಗೆ ತಾಕುವಾಗ ಅವರ ಭಾರ ಎಲ್ಲಿದೆ ನೋಡಿ, ಎಡಗಾಲ ಮೇಲೆ. ಹೊಡೆದ ಮೇಲೆ ಒಂದಿಷ್ಟೂ ತೂರಾಡದೆ ನಿಂತಿರ್ತಾರೆ. ಸ್ಟ್ಯಾಕ್ ಅಂಡ್ ಟಿಲ್ಟ್ ಕೂಡ ಅಷ್ಟೇ, ಭಾರ ಎಡಕ್ಕೆ ಬರಬೇಕಾದರೆ ಹೋಗೋದೇ ಬೇಡ ಅನ್ನುತ್ತೆ, ಮುಟ್ಟೋ ಊರು ಅದೇ. ದಾರಿಗಳ ಬಗ್ಗೆ ಜಗಳ ಇದೆ, ಊರಿನ ಬಗ್ಗೆ ಇಲ್ಲ. (ಸ್ಟ್ಯಾಕ್ ಅಂಡ್ ಟಿಲ್ಟ್ ಸರಿಯಾಗಿ ಕಲಿಯದೆ ಬರೀ ಎಡಕ್ಕೆ ವಾಲಿದರೆ ನನ್ನ ಸೊಂಟದ ಕಥೆಯೇ ಆಗುತ್ತೆ, ಹುಷಾರು.)

"ದೂರ ಬೇಕಲ್ಲಪ್ಪ, ಅದಕ್ಕೆ ಕೈ ಬಲ ಬೇಕಲ್ಲ" ಅನ್ನೋರಿಗೆ ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಅವರ ನೆನಪು ಮಾಡಿಕೊಡ್ತೀನಿ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ, ಅಲ್ಲಿದ್ದವರಲ್ಲಿ ಕಡಿಮೆ ದೂರ ಹೊಡೆಯೋರ ಸಾಲಿನಲ್ಲಿದ್ದೂ ನಾಲ್ಕನೇ ಸ್ಥಾನ, ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿತು. ಅವತ್ತು ಬೆಳಗ್ಗೆ ಗಾಲ್ಫ್ ಅಂದ್ರೇನು ಅಂತ ಗೊತ್ತಿಲ್ಲದವರೂ ಟೀವಿ ಮುಂದೆ ಕೂತಿದ್ದು ನೆನಪಿದೆಯಲ್ಲ? ಅದಿತಿಯವರ ದೊಡ್ಡ ಬಲ ಪಟ್ಟಿಂಗ್, ನಿಜ. ಆದರೆ ಪಟ್ಟಿಂಗ್ ಲೆಕ್ಕಕ್ಕೆ ಬರಬೇಕಾದರೂ ಚೆಂಡು ಮೊದಲು ನೇರ ಹೋಗಿ ಗ್ರೀನ್ ಸೇರಬೇಕಲ್ವಾ.

ಸರಿ, ಏನು ಮಾಡಬೇಕು? ನಾನು ಈಗ ಮಾಡ್ತಿರೋದು ಹೇಳ್ತೀನಿ. ಐವತ್ತು ಚೆಂಡಿನ ಬಕೆಟ್ಟು ಅಂದುಕೊಳ್ಳಿ.

ಮೊದಲ ಹತ್ತು: ಎರಡೂ ಪಾದ ಜೋಡಿಸಿ ನಿಂತು, ಏಳನೇ ಐರನ್ನಿನಲ್ಲಿ ಅರ್ಧ ಸ್ವಿಂಗ್. ಕೈಯಿಂದ ಜಬರ್ದಸ್ತಿ ಮಾಡಿದ ತಕ್ಷಣ ಮುಗ್ಗರಿಸ್ತೀರಿ. ನೆಲವೇ ಮೇಷ್ಟ್ರು.

ಮುಂದಿನ ಹತ್ತು: ಪಾದ ಜೋಡಿಸಿಯೇ ಶುರು ಮಾಡಿ, ಕ್ಲಬ್ಬು ಮೇಲೆ ಹೋಗ್ತಿರುವಾಗಲೇ ಎಡಗಾಲನ್ನ ಗುರಿಯ ಕಡೆ ಒಂದು ಹೆಜ್ಜೆ ಇಟ್ಟು ಹೊಡೆಯೋದು. ಮಾವಿನಕಾಯಿ ಕಲ್ಲಿನ ವಿದ್ಯೆ ಇದೇ. ಮೊದಮೊದಲು ಚೆಂಡೇ ಸಿಗೋದಿಲ್ಲ, ಬೇಜಾರು ಬೇಡ.

ಆಮೇಲೆ ಇಪ್ಪತ್ತು: ಮಾಮೂಲಿ ಸ್ಟಾನ್ಸ್, ಮುಕ್ಕಾಲು ವೇಗ. ಹೊಡೆದ ಮೇಲೆ ಹೊಕ್ಕುಳು ಗುರಿಯ ಕಡೆ, ಬಲ ಹಿಮ್ಮಡಿ ಮೇಲೆ, ಬಲಗಾಲು ಹೆಬ್ಬೆರಳ ತುದಿಯಲ್ಲಿ. ಹಾಗೇ ಮೂರು ಎಣಿಸೋವರೆಗೆ ನಿಲ್ಲಬೇಕು. ನಿಲ್ಲೋಕೆ ಆಗದ ಹೊಡೆತ, ಚೆಂಡು ಎಷ್ಟೇ ಚೆನ್ನಾಗಿ ಹೋಗಿದ್ದರೂ, ಲೆಕ್ಕಕ್ಕಿಲ್ಲ. ಈ ಒಂದು ನಿಯಮ ನನಗೆ ಎಲ್ಲ ವೀಡಿಯೋಗಿಂತ ಜಾಸ್ತಿ ಕಲಿಸಿತು.

ಕೊನೆಯ ಹತ್ತು ಮಾತ್ರ ನಿಮ್ಮಿಷ್ಟ. ಬೇಕಾದರೆ ಡ್ರೈವರ್ ತಗೊಂಡು ಸಿಟ್ಟು ತೀರಿಸಿಕೊಳ್ಳಿ :)

ಇನ್ನು ರೇಂಜಿಗೆ ಹೋಗದ ದಿನ ಹಲ್ಲುಜ್ಜುವಾಗ ಒಂದೊಂದು ನಿಮಿಷ ಒಂದೊಂದು ಕಾಲ ಮೇಲೆ ನಿಂತುಕೊಳ್ತೀನಿ. ಬಚ್ಚಲಲ್ಲಿ ಕೊಕ್ಕರೆ ಥರ ನಿಂತಿರೋದು ನೋಡಿ ಅಮ್ಮ ನಗ್ತಾರೆ. ನಗಲಿ ಬಿಡಿ, ಗೋಡೆ ಹಿಡಿದು ನಡೆಯೋದಕ್ಕಿಂತ ವಾಸಿ. ಬೆನ್ನುನೋವು ಆಗಲೇ ಇರೋರು ಮಾತ್ರ ಇದೆಲ್ಲ ಶುರು ಮಾಡೋ ಮುಂಚೆ ಫಿಸಿಯೋ ಹತ್ತಿರ ಹೋಗಿ. ನನ್ನ ಹಾಗೆ ಆಮೇಲೆ ಹೋಗಬೇಡಿ.

ಇಷ್ಟೆಲ್ಲ ಮಾಡಿ ಏನಾಯ್ತು? ದೊಡ್ಡ ಪವಾಡ ಏನೂ ಇಲ್ಲ. 108ರ ಸುತ್ತ ಇದ್ದವನು ಎಂಟು ತಿಂಗಳಲ್ಲಿ ಒಂದು ಸಲ 97 ಹೊಡೆದೆ. ಸ್ಲೈಸ್ ಪೂರ್ತಿ ಹೋಗಿಲ್ಲ, ಆದರೆ ಪಕ್ಕದ ಫೇರ್‌ವೇಯವರು ನನ್ನ ನೋಡಿ ತಲೆ ಮೇಲೆ ಕೈ ಇಟ್ಟುಕೊಳ್ಳೋದು ನಿಂತಿದೆ. ಎಲ್ಲಕ್ಕಿಂತ ದೊಡ್ಡದು, 18 ಹೋಲ್ ನಡೆದು ಬಂದ ಮೇಲೆ ಸೊಂಟ ಸೊಂಟದ ಜಾಗದಲ್ಲೇ ಇರುತ್ತೆ.

ಕೊನೆಗೊಂದು ಮಾತು. ನನಗೆ ಇದನ್ನ ಹೇಳಿಕೊಟ್ಟವರ ಬಳಿ ಸರ್ಟಿಫಿಕೇಟ್ ಇಲ್ಲ, ಚಾನೆಲ್ ಇಲ್ಲ. ತಾವು ಇಪ್ಪತ್ತು ವರ್ಷದಿಂದ ನಡೆದ ಕೋರ್ಸಿನಲ್ಲಿ ಆಡೋಕೆ ಅವರಿಗೆ ಸಿಗೋದು ಸೋಮವಾರ ಮಾತ್ರ, ಅದೂ ಯಾರೋ ಕೊಟ್ಟ ಹಳೇ ಕ್ಲಬ್ಬಿನಲ್ಲಿ. ಬೆಂಗಳೂರಿನಲ್ಲಿ 1876ರಿಂದ ಗಾಲ್ಫ್ ಕ್ಲಬ್ ಇದೆ. ಅಂದಿನಿಂದ ಎಷ್ಟು ತಲೆಮಾರು ಬ್ಯಾಗ್ ಹೊರುತ್ತಾ ನೋಡಿಯೇ ಕಲಿತಿರಬಹುದು ಯೋಚಿಸಿ. ಕೋಲ್ಕತ್ತಾದ ಎಸ್.ಎಸ್.ಪಿ. ಚೌರಾಸಿಯಾ ಕೋರ್ಸಿನ ಹುಲ್ಲು ನೋಡಿಕೊಳ್ಳುತ್ತಿದ್ದವರ ಮಗ, ನೋಡಿಯೇ ಕಲಿತವರು. 2016, 2017 ಎರಡೂ ವರ್ಷ ಇಂಡಿಯನ್ ಓಪನ್ ಗೆದ್ದರು. ನಮ್ಮ ಬಿಡದಿ ಕಡೆಯ ಹಳ್ಳಿಯ ಚಿಕ್ಕರಂಗಪ್ಪ ಚೆಂಡು ಆಯೋ ಹುಡುಗನಾಗಿ ಆಟಕ್ಕೆ ಬಂದು ವೃತ್ತಿಪರ ಆಟಗಾರನಾದವರು. ಇವರಿಗೆಲ್ಲ ಕಂಡದ್ದು ನಮಗೆ ಯಾಕೆ ಕಾಣಲ್ಲ? ನಾವು ಕ್ಲಬ್ಬು ನೋಡ್ತೀವಿ, ಅವರು ಮನುಷ್ಯನನ್ನ ನೋಡ್ತಾರೆ, ಅಷ್ಟೇ.

ಹೊಸ ಡ್ರೈವರ್ ತಗೋಬೇಕು ಅಂತ ಇದ್ದರೆ ಆರು ತಿಂಗಳು ತಡೀರಿ. ಅದರ ಹತ್ತನೇ ಒಂದು ಭಾಗವನ್ನ ನಿಮ್ಮ ಬ್ಯಾಗ್ ಹೊರೋ ಅಣ್ಣನಿಗೆ ಕೊಟ್ಟು "ನನ್ನ ಕಾಲು ಸ್ವಲ್ಪ ನೋಡಿ ಹೇಳಿ" ಅಂತ ಕೇಳಿ. ನಾನು 97 ಹೊಡೆದ ದಿನ ಅವರಿಗೆ ಕಾರ್ಡ್ ತೋರಿಸಿದೆ. ಕಾರ್ಡ್ ನೋಡಲೇ ಇಲ್ಲ. ನನ್ನ ಷೂ ನೋಡಿ ನಕ್ಕು, "ಇವತ್ತು ಎರಡೂ ಕಾಲು ತಂದಿದೀರಿ ಸಾರ್" ಅಂದ್ರು.

ಏನಂತೀರಾ? ಮುಂದಿನ ಶನಿವಾರ ಒಂದೇ ಒಂದು ಬಕೆಟ್ಟು ಕಾಲಿಗೆ ಅಂತ ಹೊಡೆದು ನೋಡ್ತೀರಾ?